ಎಲ್ಲ ಎಲೆಯೂ ಪಾಸ್

ಮುಂಬಯಿಯಲ್ಲಿ ನಮ್ಮವರ ಯಾವ ಸಂಘದ ವಾರ್ಷಿಕೋತ್ಸವಕ್ಕೆ ಹೋದರೂ ಹಪ್ಪಳ ಸಂಡಿಗೆಯ ಮೇಜಿನ ಪಕ್ಕ ಈಗ ಕಷಾಯದ ಪುಡಿಯ ಮೇಜೊಂದು ಗ್ಯಾರಂಟಿ. ಡಬ್ಬಿಯ ಮೇಲೆ ಎಲೆಯ ಚಿತ್ರ. ಕೆಳಗೆ, ‘ಅಮೈಲೇಸ್ ಕಿಣ್ವವನ್ನು ತಡೆಯುತ್ತದೆ, ಪ್ರಯೋಗಾಲಯದಲ್ಲಿ ಸಾಬೀತು’. ಅಮೈಲೇಸ್ ಎಂದರೆ ಊಟದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ (ಎನ್‌ಜೈಮ್). ಅದನ್ನು ತಡೆದರೆ ರಕ್ತದ ಶುಗರ್ ಏರದು ಎಂಬ ಲೆಕ್ಕ. ನಮ್ಮ ಡೊಂಬಿವಲಿ ಮಾಮ ಎರಡು ಡಬ್ಬಿ ಚೀಲಕ್ಕೆ ಹಾಕಿಕೊಂಡು ಸೀದಾ ಊಟದ ಪಂಕ್ತಿಗೆ ನಡೆದರು.

“ಇನ್ನೊಂದು ಹೋಳಿಗೆ ಹಾಕು ಮಾರಾಯ, ಶುಗರಿನ ಬಂದೋಬಸ್ತ್ ಆಗಿದೆ.”

ತಮಾಷೆಯೆಂದರೆ, ಸಾಬೀತಾದದ್ದು ಸುಳ್ಳಲ್ಲ. ಎಂ.ಎಸ್ಸಿ. ಹುಡುಗಿಯೊಬ್ಬಳು ಕಾಲೇಜಿನ ಕಂಪೌಂಡಿನ ಎಲೆ ಕಿತ್ತು ಒಣಗಿಸಿ, ಮೆಥನಾಲಿನಲ್ಲಿ ನೆನೆಹಾಕಿ, ಆ ರಸವನ್ನು ಪಿಷ್ಟ ಮತ್ತು ಅಮೈಲೇಸಿನ ಜೊತೆ ಬಿಡುತ್ತಾಳೆ. ಆಮೇಲೆ ಡಿ.ಎನ್.ಎಸ್. ಎಂಬ ಹಳದಿ ದ್ರಾವಣ ಸುರಿದು ಕುದಿಯುವ ನೀರಿನಲ್ಲಿ ಇಡುತ್ತಾಳೆ. ಪಿಷ್ಟ ಒಡೆದು ಸಕ್ಕರೆಯಾಗಿದ್ದರೆ ಬಣ್ಣ ಕೆಂಪಿಗೆ ತಿರುಗಬೇಕು. ತಿರುಗಲಿಲ್ಲವೋ, ಎಲೆ ಗೆದ್ದಿತು, ಪ್ರಬಂಧ ಮುಗಿಯಿತು. ಸೋಲುವ ಎಲೆ ಸಿಗುವುದೇ ಕಷ್ಟ. ಒಗರು ಇದ್ದಲ್ಲಿ ಟ್ಯಾನಿನ್ ಎಂಬ ವಸ್ತು ಇರುತ್ತದೆ. ಟ್ಯಾನಿನ್ನಿಗೆ ಸಿಕ್ಕಸಿಕ್ಕ ಪ್ರೋಟೀನನ್ನು ಅಪ್ಪಿಕೊಳ್ಳುವ ಚಟ. ಕಿಣ್ವವೂ ಒಂದು ಪ್ರೋಟೀನು. ಪೇರಲೆ ಎಲೆ ಪಾಸ್, ಮಾವಿನೆಲೆ ಪಾಸ್, ನೇರಳೆ ಬೀಜ ಪಾಸ್. ದಾದರ್ ಸ್ಟೇಷನ್ನಿನ ಕಟಿಂಗ್ ಚಹಾವೂ ಪಾಸಾದೀತು, ಹಾಲು ಸಕ್ಕರೆ ಬೀಳುವ ಮೊದಲು ಹಿಡಿದರೆ.

ಇನ್ನು ಹೋಳಿಗೆ. ಅಮೈಲೇಸಿನ ವ್ಯವಹಾರವೆಲ್ಲ ಪಿಷ್ಟದೊಂದಿಗೆ, ಕಣಕದ್ದಿರಲಿ ಬೇಳೆಯದಿರಲಿ. ಹೂರಣದ ಬೆಲ್ಲಕ್ಕೆ ಅದರ ಹಂಗಿಲ್ಲ. ಬೆಲ್ಲದಲ್ಲಿರುವ ಸುಕ್ರೋಸ್ ಎಂಬ ಸಕ್ಕರೆಯನ್ನು ಒಡೆಯುವುದು ಸಣ್ಣ ಕರುಳಿನ ಬೇರೆಯೇ ಕಿಣ್ವ. ಮುಂಬಾಗಿಲಿಗೆ ವಾಚ್‌ಮನ್ ಇಟ್ಟು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಾಯಿತು.

ಮನುಷ್ಯರ ಮೈಯಲ್ಲಿ ನಿಜವಾಗಿ ಕಿಣ್ವ ತಡೆಯುವ ಸಸ್ಯಗಳ ಸುದ್ದಿಯನ್ನು ಮಾತ್ರ ಮೇಜಿನವರು ಎತ್ತುವುದಿಲ್ಲ. ಕಷಾಯದ ಸಿಹಿಗೆಂದು ಬೆರೆಸುವ ಜ್ಯೇಷ್ಠಮಧು ಅತಿಯಾದರೆ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಂಕೆಯಲ್ಲಿಡುವ ಕಿಣ್ವ ಸುಮ್ಮನಾಗುತ್ತದೆ. ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಗ್ರೇಪ್‌ಫ್ರೂಟ್ ರಸ ಕರುಳಿನ ಇನ್ನೊಂದು ಕಿಣ್ವವನ್ನು ಕೆಡಿಸಿ, ಕೆಲವು ಕೊಲೆಸ್ಟರಾಲ್ ಮಾತ್ರೆಗಳು ರಕ್ತದಲ್ಲಿ ಮಿತಿಮೀರಿ ಸೇರುವಂತೆ ಮಾಡುತ್ತದೆ. ಮಾಮನಿಗೆ ಹೇಳಿ ನೋಡಿದೆ. “ಗಿಡಮೂಲಿಕೆ ಕಣೋ, ಸೈಡ್ ಇಫೆಕ್ಟ್ ಇಲ್ಲ” ಎಂದರು. ಇಫೆಕ್ಟ್ ಉಂಟು, ಸೈಡ್ ಇಫೆಕ್ಟ್ ಇಲ್ಲ!

ರಾಜ್ಮಾ ಜಾತಿಯ ಕಾಳಿನಿಂದ ಮಾಡಿದ ‘ಪಿಷ್ಟ ತಡೆ’ ಮಾತ್ರೆಗಳು ಅಮೆರಿಕದಲ್ಲೂ ಜೋರಾಗಿ ಖರ್ಚಾಗುತ್ತಿದ್ದವು. 1982ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಮಾರಾಟ ನಿಲ್ಲಿಸಿ ಎಂದಿತು. ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದುಕೊಡುವ ಅಕಾರ್ಬೋಸ್ ಮಾತ್ರೆ ನಿಜಕ್ಕೂ ಪಿಷ್ಟ ಒಡೆಯುವುದನ್ನು ತಡೆಯುತ್ತದೆ. ಅದು ಗಿಡದ್ದಲ್ಲ, ಬ್ಯಾಕ್ಟೀರಿಯಾದ ಸೊತ್ತು. ಅದನ್ನು ನುಂಗಿದವರಿಗೆ ಅದರ ಗುಣ ಬೇರೆಯವರು ಹೇಳಬೇಕಿಲ್ಲ: ಒಡೆಯದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹಬ್ಬವಾಗಿ, ಹೊಟ್ಟೆ ತುಂಬ ಗ್ಯಾಸ್.

ಹಾಗಾಗಿ ಇದಕ್ಕೆ ಲ್ಯಾಬೇ ಬೇಕಿಲ್ಲ. ಮಾಮ ಮಳೆಗಾಲದಿಂದ ತಪ್ಪದೆ ಕಷಾಯ ಕುಡಿಯುತ್ತಿದ್ದಾರೆ. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಡೊಂಬಿವಲಿಯಿಂದ ದಾದರಿನವರೆಗೆ ಅವರ ಬೆನ್ನಿಗೆ ಮೂಗು ಒತ್ತಿಕೊಂಡು ನಿಲ್ಲುವವನು ನಾನು. ಆ ಪುಡಿಯಲ್ಲಿ ಏನೂ ಇಲ್ಲವೆಂದು ಬೇಕಾದರೆ ಛಾಪಾ ಕಾಗದದ ಮೇಲೆ ಬರೆದುಕೊಡುತ್ತೇನೆ.