ಎಂಜಿನ್ ಆಮೇಲೆ, ಮೊದಲು ಹಿಂದಿನ ಆಕ್ಸಲ್ ನೋಡಿ

ಬದಿಯಡ್ಕದ ನನ್ನ ಗ್ಯಾರೇಜಿನ ಕಿಟಕಿಯಲ್ಲಿ ಒಂದು ತುಂಡು ಆಕ್ಸಲ್ ಶಾಫ್ಟ್ ಇದೆ, ಗಾಡಿಯ ಹಿಂದಿನ ಚಕ್ರ ತಿರುಗಿಸುವ ಉಕ್ಕಿನ ಸರಳು. ಅಂಗೈ ಉದ್ದದ್ದು. ಶಾರ್ಜಾದ ಕೆಲಸ ಬಿಟ್ಟು ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಟ್ಟು ತಂದದ್ದು. ಬಂದವರೆಲ್ಲ ಅದನ್ನು ಕೈಗೆತ್ತಿ ನೋಡುತ್ತಾರೆ. ಕಳೆದ ತಿಂಗಳು ಕುಂಬಳೆಯ ಒಬ್ಬ ಹುಡುಗನೂ ನೋಡಿದ. "ಇದೆಂತದಣ್ಣಾ, ಗುಜರಿಗೆ ಹಾಕ್ಲಿಲ್ವಾ?" ಎಂದ.

ಅವನಿಗೆ ದುಬೈಯಲ್ಲಿ ಕೆಲಸ. ಅಲ್ಲಿ 90ರ ದಶಕದ ಒಂದು ಫೋರ್ಡ್ ಮಸ್ಟಾಂಗ್ ಕಾರು ತಗೊಂಡಿದ್ದಾನೆ. ಎಂಜಿನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಏರಿಸುವ ಸೂಪರ್‌ಚಾರ್ಜರ್ ಹಾಕಬೇಕು, 500 ಎಚ್‌ಪಿ ಬರಬೇಕು ಎಂದು ಅರ್ಧ ಗಂಟೆ ಮಾತಾಡಿದ. ಹಿಂದಿನ ಆಕ್ಸಲ್ ಎಂತ ಮಾಡಿದ್ದೀಯಾ ಎಂದು ಕೇಳಿದೆ. "ಅದು ಕಂಪೆನಿದೇ ಉಂಟು" ಎಂದ.

ಆ ತುಂಡು ಶಾಫ್ಟೂ ಅಂಥದೇ ಮಸ್ಟಾಂಗಿನದ್ದು. ಶಾರ್ಜಾದಲ್ಲಿ ಆ ಗಾಡಿಗೆ ಸೂಪರ್‌ಚಾರ್ಜರ್ ಕೂರಿಸಿದವರಲ್ಲಿ ನಾನೂ ಒಬ್ಬ. ಆಕ್ಸಲ್ ಬಗ್ಗೆ ಗಿರಾಕಿಗೆ ಒಂದು ಮಾತು ಹೇಳಲಿಲ್ಲ. ಎರಡು ತಿಂಗಳು ಕಳೆದು ಸಿಗ್ನಲ್‌ನಲ್ಲಿ ಕ್ಲಚ್ ಬಿಟ್ಟಾಗ ಒಳಗಿನ ತುದಿಯಲ್ಲಿ ಶಾಫ್ಟ್ ಮುರಿಯಿತು. ಎಡಗಡೆಯ ಚಕ್ರ ಉಳಿದ ಶಾಫ್ಟಿನ ಸಮೇತ ಹೊರಗೆ ಬಂತು. ವೇಗ ಕಡಿಮೆ ಇತ್ತು, ಯಾರಿಗೂ ಏನೂ ಆಗಲಿಲ್ಲ. ಅದೇ ಹೈವೇಯಲ್ಲಿ ಆಗಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಆಕ್ಸಲಿನ ಕವರ್ ಬಿಚ್ಚಿದೆವು. ನಮ್ಮ ಹಿರಿಯ ಮೆಕ್ಯಾನಿಕ್ ಉಪ್ಪಳದವರು, ಎಲ್ಲರಿಗೂ ಇಚ್ಚ, ಅಂದರೆ ಅಣ್ಣ. ಅವರು ತುಂಡನ್ನು ಡೀಸೆಲಲ್ಲಿ ತೊಳೆದು ನನ್ನ ಕೈಗೆ ಕೊಟ್ಟರು. ತುದಿಯಲ್ಲಿರುವ ಹಲ್ಲುಗಳಿಗೆ ಸ್ಪ್ಲೈನ್ ಎನ್ನುತ್ತಾರೆ, ಅವು ನೆಟ್ಟಗೆ ಇರಬೇಕು. ಇದರಲ್ಲಿ ಸ್ಕ್ರೂ ಹಾಗೆ ಓರೆಯಾಗಿ ತಿರುಚಿದ್ದವು. ಮುರಿದ ಮುಖದಲ್ಲಿ ಒಂದು ಬದಿ ಕಪ್ಪಾಗಿ ನುಣುಪಾಗಿತ್ತು. ಉಳಿದದ್ದು ಸಕ್ಕರೆ ಹಳುಕಿನಂತೆ ಹೊಳೆಯುತ್ತಿತ್ತು. "ಕಪ್ಪು ಇರುವುದು ಹಳೆ ಬಿರುಕು. ಹೊಳೆಯುವುದು ಮಾತ್ರ ನಿನ್ನೆ ಮುರಿದದ್ದು" ಎಂದರು ಇಚ್ಚ. ಅಂದರೆ ಅದು ಸುಮಾರು ದಿನದಿಂದ ಸಾಯುತ್ತಾ ಇತ್ತು. ನಾವು ಯಾರೂ ನೋಡಿರಲಿಲ್ಲ.

ಕೊಡಪಾನ ದೊಡ್ಡದು ಮಾಡಿ ಬಾವಿಗೆ ಹಳೆ ಹಗ್ಗವನ್ನೇ ಬಿಟ್ಟರೆ ಹೇಗೆ? ನಾವು ಮಾಡಿದ್ದು ಅದೇ ಕೆಲಸ.

ಹೆಚ್ಚಿನವರು ಎಚ್‌ಪಿ ಲೆಕ್ಕದಲ್ಲಿ ಆಕ್ಸಲ್ ಹುಡುಕುತ್ತಾರೆ. ನನ್ನ ಪ್ರಕಾರ ಅದು ತಪ್ಪು ಕಡೆಯಿಂದ ಶುರು ಮಾಡುವುದು. ಎಂಜಿನ್ 600 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ ಎಂದಿಟ್ಟುಕೊಳ್ಳಿ. ಫಸ್ಟ್ ಗೇರಿನ ಅನುಪಾತ 2.87. ಆಕ್ಸಲಿನ ನಡುವೆ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣದು ಇರುತ್ತವೆ, ಆ ಕ್ರೌನ್ ಪಿನಿಯನ್ 3.73. ಮೂರನ್ನೂ ಗುಣಿಸಿದರೆ ಆಕ್ಸಲ್‌ಗೆ ಸುಮಾರು 6,400 ನ್ಯೂಟನ್ ಮೀಟರ್ ಬರುತ್ತದೆ. ಆದರೆ ಅಷ್ಟೂ ಶಾಫ್ಟಿಗೆ ತಾಗಬೇಕಾದರೆ ಟೈರ್ ರಸ್ತೆಯನ್ನು ಹಿಡಿದುಕೊಳ್ಳಬೇಕು. ಹಿಂದಿನ ಚಕ್ರಗಳ ಮೇಲೆ 800 ಕಿಲೋ ಭಾರ ಇದ್ದರೆ ಸಾಧಾರಣ ರಸ್ತೆ ಟೈರ್ 2,500ರ ಆಸುಪಾಸಿನಲ್ಲಿ ಜಾರಿಬಿಡುತ್ತದೆ. ಜಾರಿದರೆ ಶಾಫ್ಟ್ ಬಚಾವ್. ಅದೇ ಗಾಡಿಗೆ ಅಂಟಿಕೊಳ್ಳುವ ಡ್ರ್ಯಾಗ್ ಟೈರ್ ಹಾಕಿದರೆ ಅದರ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಎಂಜಿನ್ ಮುಟ್ಟದೆ ಬರೀ ಟೈರ್ ಬದಲಿಸಿ ಆಕ್ಸಲ್ ಮುರಿದುಕೊಂಡವರನ್ನು ನಾನು ನೋಡಿದ್ದೇನೆ. ಹಿಂದಿನ ಚಕ್ರ ಹಾರಿ ಹಾರಿ ಕೂರುವುದು ಇನ್ನೂ ಕೆಟ್ಟದು. ಪ್ರತಿ ಸಲ ನೆಲ ಹಿಡಿದಾಗ ಸುತ್ತಿಗೆ ಪೆಟ್ಟು ಬಿದ್ದ ಹಾಗೆ. ಮೊದಲು ಬುಷ್, ಶಾಕ್ ಸರಿ ಮಾಡಿಸಿ.

ಇದು ಊರಿನ ಜೀಪಿನವರಿಗೆ ಹೊಸದಲ್ಲ. ಬಂದಡ್ಕ, ಪಾಣತ್ತೂರು ಕಡೆ ಜನ ತುಂಬಿಕೊಂಡು ಗುಡ್ಡ ಹತ್ತುತ್ತಿದ್ದ ಹಳೆ ಜೀಪುಗಳ ಎಂಜಿನ್‌ನಲ್ಲಿ ಶಕ್ತಿ ಜಾಸ್ತಿ ಏನಿಲ್ಲ. ಆದರೂ ವಿಲ್ಲಿಸ್ ಸಿಜೆ-3ಬಿ ಜೀಪಿಗೆ ಹಿಂದೆ ಕೊಟ್ಟದ್ದು ಡಾನಾ ಕಂಪೆನಿಯ 44 ಎಂಬ ಮಾದರಿಯಂಥ ಗಟ್ಟಿ ಆಕ್ಸಲ್, 5.38ರ ಕ್ರೌನ್ ಪಿನಿಯನ್. ಭಾರ, ಹಿಡಿತ, ಗೇರ್. ಆಕ್ಸಲ್ ಮುರಿಯುವುದು ಇವುಗಳಿಂದ.

ಹಾಗಾದರೆ ಯಾವುದು ತಗೊಳ್ಳಬೇಕು? ಎಲ್ಲರ ಬಾಯಲ್ಲೂ ಫೋರ್ಡ್ 9 ಇಂಚು. ಕ್ರೌನಿನ ಅಡ್ಡಳತೆಯಿಂದ ಬಂದ ಹೆಸರು. 1957ರಿಂದ ಇರುವ ಆಕ್ಸಲ್. ಪಿನಿಯನ್‌ನ ಎರಡೂ ಬದಿಗೆ ಬೇರಿಂಗ್ ಇದೆ, ಆದ್ದರಿಂದ ಜೋರು ಬಿದ್ದಾಗ ಅದು ಕ್ರೌನ್‌ನಿಂದ ದೂರ ಸರಿಯುವುದು ಕಡಿಮೆ. ನಡುವಿನ ಭಾಗ ಪೂರ್ತಿ ಮುಂದಿನಿಂದ ಕಳಚಿ ಬರುತ್ತದೆ. ಒಳ್ಳೆಯದೇ. ಆದರೆ ಅದರ ಪಿನಿಯನ್ ಕ್ರೌನ್‌ನ ನಡುಗೆರೆಗಿಂತ ತುಂಬ ಕೆಳಗೆ ಕೂರುತ್ತದೆ. ಹಲ್ಲುಗಳ ಉಜ್ಜಾಟ ಜಾಸ್ತಿ, ಬಿಸಿ ಜಾಸ್ತಿ, ಸ್ವಲ್ಪ ಶಕ್ತಿ ಅಲ್ಲೇ ಹೋಗುತ್ತದೆ. ಡಾನಾ 60ರ ಕ್ರೌನ್ 9.75 ಇಂಚು, ಬಹಳ ಗಟ್ಟಿ, ಬಹಳ ಭಾರ. ದಿನಾ ಓಡಿಸುವ ಗಾಡಿಗೆ ಅದು ಬೇಡ ಎಂದೇ ನನ್ನ ಮಾತು.

ಆ ಹುಡುಗನ ಗಾಡಿಯಲ್ಲಿರುವುದು ಫೋರ್ಡ್ 8.8 ಇಂಚಿನ ಆಕ್ಸಲ್. ಅದರ ಕ್ರೌನ್ ಪಿನಿಯನ್ ಬಗ್ಗೆ ನನಗೆ ದೂರಿಲ್ಲ. ದೂರು ಎರಡು. ಶಾಫ್ಟ್ 28 ಸ್ಪ್ಲೈನಿನದ್ದು, ತೆಳು. ಮತ್ತೆ ಆ ಶಾಫ್ಟನ್ನು ಒಳಗೆ ಹಿಡಿದಿಡುವುದು ಸಿ-ಕ್ಲಿಪ್ ಎಂಬ ಒಂದು ಸಣ್ಣ ಲಾಕ್. ಶಾಫ್ಟ್ ಮುರಿದರೆ ಹೊರಗಿನ ತುಂಡನ್ನು ಹಿಡಿಯಲು ಮತ್ತೇನಿಲ್ಲ, ಚಕ್ರ ಜಾರಿ ಹೊರಬರುತ್ತದೆ. ಹಿಂದೆ ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಸ್ವಲ್ಪವಾದರೂ ತಡೆದೀತು. ಡ್ರಮ್ ಇದ್ದರೆ ಅದೂ ಇಲ್ಲ.

ನಾನು ಹೇಳುವುದು ಇಷ್ಟು. ರಸ್ತೆ ಟೈರಿನಲ್ಲೇ ಓಡಿಸುವ 500 ಎಚ್‌ಪಿ ಗಾಡಿಗೆ ಅದೇ 8.8 ಸಾಕು, ಆದರೆ ಸರಿ ಮಾಡಿಸಿ. 31 ಸ್ಪ್ಲೈನಿನ ಒಳ್ಳೆ ಶಾಫ್ಟ್ ಹಾಕಿ. ದಪ್ಪ ಶೇಕಡಾ 10 ಹೆಚ್ಚಾದರೆ ತಿರುಚು ತಡೆಯುವ ಬಲ ಸುಮಾರು ಶೇಕಡಾ 33 ಹೆಚ್ಚುತ್ತದೆ. ಹೌಸಿಂಗಿನ, ಅಂದರೆ ಆಕ್ಸಲಿನ ಹೊರಕವಚದ, ಪೈಪುಗಳನ್ನು ನಡುವಿನ ಎರಕಕ್ಕೆ ಸುತ್ತಲೂ ವೆಲ್ಡ್ ಮಾಡಿಸಿ. ಪೈಪುಗಳ ತುದಿ ಕತ್ತರಿಸಿ ಫೋರ್ಡ್ 9 ಇಂಚು ಆಕ್ಸಲಿನ ತುದಿ ಕೂರಿಸಿ, ಆಗ ಹೊರಗಿನ ಬೇರಿಂಗೇ ಶಾಫ್ಟನ್ನು ಹಿಡಿಯುತ್ತದೆ, ಸಿ-ಕ್ಲಿಪ್ ಬೇಡ. ಸಿ-ಕ್ಲಿಪ್ ಬದಲಿಗೆ ಬೋಲ್ಟ್ ಮಾಡುವ ಕಿಟ್ ಅಗ್ಗ, ಆದರೆ ತಿರುವುಗಳಲ್ಲಿ ಓಡಿಸುವಾಗ ಆಯಿಲ್ ಸೋರುವ ಕಿರಿಕಿರಿ. ಅಬುಧಾಬಿಯ ಯಾಸ್ ರೇಸ್ ಟ್ರ್ಯಾಕಿಗೆ ಹೋಗಿ ಡ್ರ್ಯಾಗ್ ಟೈರಲ್ಲಿ ಕ್ಲಚ್ ಬಿಡುವವರಾದರೆ ಮಾತ್ರ ನೇರ 9 ಇಂಚಿಗೆ ಹೋಗಿ.

ಒಳ್ಳೆ ಸಾಮಾನು ತಂದು ಕೆಟ್ಟದಾಗಿ ಕೂರಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಕ್ರೌನ್‌ನ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ನೋಡದೆ ಕವರ್ ಮುಚ್ಚುವವರ ಕೈಗೆ ಗಾಡಿ ಕೊಡಬೇಡಿ. ಗುರುತು ಹಲ್ಲಿನ ನಡುವಲ್ಲಿ ಬೀಳಬೇಕು, ತುದಿಗೆ ಓಡಬಾರದು. ಹೊಸ ಕ್ರೌನ್ ಪಿನಿಯನ್ ಹಾಕಿದ ಮೇಲೆ ಮೊದಲು 15-20 ನಿಮಿಷ ಮೆಲ್ಲ ಓಡಿಸಿ, ಪೂರ್ತಿ ತಣಿಯಲು ಬಿಡಿ. ಹೀಗೆ ಕೆಲವು ಸಲ ಮಾಡಿ. 800 ಕಿಲೋಮೀಟರಿಗೆ ಆಯಿಲ್ ಬದಲಿಸಿ.

ಊರಲ್ಲಿ ಇರುವವರಿಗೆ ಒಂದು ಮಾತು. ಇಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪೆನಿಯ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಎನ್ನುವುದು. ಕೇರಳದ ಪ್ರಕರಣದಲ್ಲೇ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಹೇಳಿದೆ. ಆರ್‌ಟಿಓ ಒಪ್ಪಿಗೆ ಇಲ್ಲದೆ ಇಂಥ ಕೆಲಸ ಮಾಡಿಕೊಡಿ ಎಂದು ನನ್ನಲ್ಲಿ ಬರಬೇಡಿ, ನಾನು ಮಾಡುವುದಿಲ್ಲ.

ಹುಡುಗ ದುಬೈಗೆ ವಾಪಸ್ ಹೋಗಿದ್ದಾನೆ. ನಿನ್ನೆ ರಾತ್ರಿ ಗಾಡಿಯ ಅಡಿಯಿಂದ ಫೋಟೋ ಕಳಿಸಿದ. ಹಿಂದೆ ಡ್ರಮ್ ಬ್ರೇಕೇ. ಕವರ್ ಬಿಚ್ಚಿ, ಶಾಫ್ಟ್ ಎಳೆದು, ಸ್ಪ್ಲೈನ್ ಎಣಿಸಿ ಹೇಳು, ನೆಟ್ಟಗೆ ಇದೆಯಾ ಅಂತಲೂ ನೋಡು ಎಂದಿದ್ದೇನೆ. ಶುಕ್ರವಾರ ಬಿಚ್ಚುತ್ತಾನಂತೆ. ಸೂಪರ್‌ಚಾರ್ಜರ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ ಎಂದು ಒಪ್ಪಿದ್ದಾನೆ.