ಒಂದು ಎಕರೆ ಅಕ್ಕಡಿ ರಾಗಿ: ಮೊದಲು ಮನೆಯ ಊಟ, ಆಮೇಲೆ ಮಾರ್ಕೆಟ್ಟು

ಕೋಲಾರ, ಚಿಂತಾಮಣಿ, ಶಿರಾ, ಪಾವಗಡ ಕಡೆಯ ಎಷ್ಟೋ ರೈತರ ಮನೆಗೆ ಇವತ್ತು ತೊಗರಿಬೇಳೆ ಬರುವುದು ಅಂಗಡಿಯಿಂದ. ಟೊಮೆಟೊ ರೇಟು ಬಿದ್ದರೆ, ಬೋರು ಬತ್ತಿದರೆ, ಮೊದಲು ನೀರಾಗುವುದು ಮನೆಯ ಸಾರು. ರೇಷನ್ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಕಾಳು, ಸೊಪ್ಪು, ಎಣ್ಣೆಗೆ ಕಾಸು ಬೇಕು. ಬೆಳೆಯುವವರ ಮಕ್ಕಳೇ ಸಪ್ಪೆ ಅನ್ನ ಉಣ್ಣುವ ಸ್ಥಿತಿ ಬಂದಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅದಕ್ಕೇ ಒತ್ತಿ ಹೇಳುತ್ತಿರುವುದು: ಮೂರು ಎಕರೆ ಇದ್ದವರು ಎರಡರಲ್ಲಿ ಏನು ಬೇಕಾದರೂ ಬೆಳೆಯಿರಿ, ಮಳೆ ನಂಬಿದ ಒಂದೆಕರೆ ಖುಷ್ಕಿಯನ್ನು ಅಕ್ಕಡಿ ಸಾಲಿನ ರಾಗಿಗೆ ಬಿಡಿ, ಅಂದರೆ ರಾಗಿಯ ನಡುನಡುವೆ ಕಾಳು, ಎಣ್ಣೆಕಾಳಿನ ಸಾಲು ಹಾಕುವ ಮಿಶ್ರ ಬೆಳೆಗೆ. ಐದು ಜನರ ಮನೆಗೆ ದಿನಕ್ಕೆ ಒಂದು ಕೆಜಿ ಹಿಟ್ಟು ಅಂದರೆ ವರ್ಷಕ್ಕೆ 365 ಕೆಜಿ, ನಾಲ್ಕು ಕ್ವಿಂಟಾಲಿಗೂ ಕಡಿಮೆ. ಮಳೆ ಅರೆಬರೆಯಾದ ವರ್ಷವೂ ಗೊಬ್ಬರ ಕಂಡ ಒಂದೆಕರೆ ಹೊಲದಿಂದ ಇಷ್ಟನ್ನು ನಿರೀಕ್ಷಿಸಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪ್ರೋಟೀನು ಮಾತ್ರ ಏಳು ಗ್ರಾಮಿನಷ್ಟೇ. ಆ ಕೊರತೆ ತುಂಬುವ ಅವರೆ, ತೊಗರಿ, ಅಲಸಂದೆ ಅದೇ ಹೊಲದ ಅಕ್ಕಡಿಯಲ್ಲಿ ಬರುತ್ತವೆ.

ಅಕ್ಕಡಿಯ ದೊಡ್ಡ ಗುಣ, ಎಲ್ಲವೂ ಒಂದೇ ಸಲ ಕೊಯ್ಲಿಗೆ ಬರುವುದಿಲ್ಲ. ಜುಲೈನ ಪುನರ್ವಸು ಮಳೆಗೆ ಬಿತ್ತಿದ ಹೊಲದಲ್ಲಿ ಆಗಸ್ಟಿಗೆ ಕಳೆ ಕೀಳುವಾಗಲೇ ಬೆರಕೆ ಸೊಪ್ಪು ಸಿಗುತ್ತದೆ. ಸೆಪ್ಟೆಂಬರಿಗೆ ಅಲಸಂದೆ ಕಾಯಿ. ನವೆಂಬರಿನ ಹೊತ್ತಿಗೆ ಹುಚ್ಚೆಳ್ಳು, ರಾಗಿ. ಡಿಸೆಂಬರ್ ಪೂರ್ತಿ ಹಸಿ ಅವರೆ, ಜನವರಿಗೆ ತೊಗರಿ. ಹಳೇ ರಾಗಿ ಮುಗಿದು ಹೊಸದು ಇನ್ನೂ ಕಣಕ್ಕೆ ಬಾರದ ತಿಂಗಳುಗಳೇ ಹಸಿವಿನ ತಿಂಗಳು. ಆಗ ಮನೆ ನಡೆಸುವುದು ಈ ಸೊಪ್ಪು, ಈ ಕಾಯಿ.

ಬಿತ್ತುವ ಕ್ರಮ ಹೀಗೆ. ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ, ಅಂದರೆ ಎತ್ತಿನ ಗಾಡಿಯಲ್ಲಿ ಆರೇಳು ಗಾಡಿ. ಪೂರ್ತಿ ಕಳಿತಿರಬೇಕು, ಅರೆಕಳಿತ ಗೊಬ್ಬರದ ಜೊತೆ ಗೊಣ್ಣೆ ಹುಳು, ಕಳೆ ಬೀಜ ಎರಡೂ ಹೊಲ ಸೇರುತ್ತವೆ. ಉಳುಮೆ, ಬಿತ್ತನೆ ಎರಡೂ ಇಳಿಜಾರಿಗೆ ಅಡ್ಡ. ಸಾಲು ಬಿತ್ತುವ ಕೂರಿಗೆಯಲ್ಲಿ ಬಿತ್ತಲು ಎಕರೆಗೆ ನಾಲ್ಕೈದು ಕೆಜಿ ರಾಗಿ ಬೇಕು, ಸಾಲಿಂದ ಸಾಲಿಗೆ ಒಂದು ಅಡಿ. ಎಂಟು ಸಾಲು ರಾಗಿ ಆದ ಮೇಲೆ ಎರಡು ಸಾಲು ತೊಗರಿ, ಎಕರೆಗೆ ಒಂದೂವರೆ ಕೆಜಿ ಸಾಕು. ಅವರೆಯಾದರೆ ಎಂಟಕ್ಕೆ ಒಂದೇ ಸಾಲು, ಎರಡು ಕೆಜಿ. ಹುಚ್ಚೆಳ್ಳು, ಜೋಳ, ಹರಳು ಬದುವಿನ ಅಂಚಿಗೆ. ಜೋಡಿ ತೊಗರಿ ಸಾಲಿನ ನಡುವೆ ಒಂದು ನೇಗಿಲ ಸಾಲು ತೆಗೆದುಬಿಡಿ. ನಮ್ಮ ಕೆಂಪುಮಣ್ಣು ಮಳೆ ಹೊಡೆತಕ್ಕೆ ಮೇಲೆ ಹೆಪ್ಪುಗಟ್ಟಿ ನೀರನ್ನು ಹೊರಗೆ ಓಡಿಸುತ್ತದೆ. ಆ ನೀರು ಈ ಸಾಲಲ್ಲಿ ನಿಂತು ಇಂಗಿದರೆ ಹಿಂಗಾರಿ ಕೈಕೊಟ್ಟರೂ ತೊಗರಿ ಕಾಯಿ ಕಟ್ಟುತ್ತದೆ.

ಎಡವುವುದು ಹೆಚ್ಚಾಗಿ ತಳಿ ಆರಿಸುವಲ್ಲಿ. ಹೆಬ್ಬಾಳ ಅವರೆ 3, 4 ಒಳ್ಳೆಯ ತಳಿಗಳೇ, ಹಗಲು ಎಷ್ಟು ಉದ್ದವಿದ್ದರೂ ಹೂ ಬಿಡುತ್ತವೆ. ರಾಗಿ ನಡುವೆ ಹಾಕಿದರೆ ಅದೇ ತೊಂದರೆ. ರಾಗಿ ಇನ್ನೂ ನಿಂತಿರುವಾಗಲೇ ಕಾಯಿ ಬಂದು, ಬಿಡಿಸಲು ಹೋದವರ ಕಾಲಡಿ ತೆನೆ ಹಾಳು. ಅಕ್ಕಡಿಗೆ ಬೇಕಾದದ್ದು ಹಗಲು ಕುಗ್ಗಿದ ಮೇಲೆ ಹೂ ಬಿಡುವ ನಾಟಿ ಸೊಗಡವರೆ. ಅದನ್ನೂ ಜೂನ್ ಮೊದಲಿಗೇ ಬಿತ್ತಿದರೆ ಬಳ್ಳಿ ಸೊಕ್ಕಿ ರಾಗಿಯನ್ನು ತಬ್ಬಿಕೊಂಡು ಮಲಗಿಸುತ್ತದೆ. ರಾಗಿಯಲ್ಲೂ ಅಷ್ಟೇ: ಬೇಗ ಮಳೆಯಾದರೆ ಎಂಆರ್-1, ಎಂಆರ್-6ರಂಥ ದೀರ್ಘಾವಧಿ ತಳಿ, ಜುಲೈಗೆ ಜಿಪಿಯು-28. ಜಿಪಿಯು-28 ಎಲೆ, ತೆನೆ ಸುಟ್ಟಂತೆ ಮಾಡುವ ಬೆಂಕಿ ರೋಗ ತಡೆಯುತ್ತದೆ. ಬಿತ್ತಿದ ಮೂರನೇ ವಾರ, ಮಣ್ಣಲ್ಲಿ ಹದ ಇರುವಾಗ ಕುಂಟೆ ಹಾಯಿಸಿ, ಗಿಡದಿಂದ ಗಿಡಕ್ಕೆ ನಾಲ್ಕು ಬೆರಳು ಬಿಟ್ಟು ಉಳಿದ ಪೈರು ಕೀಳಿಸಿ. ದಟ್ಟವಾಗಿ ಬಿಟ್ಟ ರಾಗಿ ತೆಂಡೆ, ಅಂದರೆ ಬುಡದಿಂದ ಮರಿಪೈರು, ಹೊಡೆಯುವುದಿಲ್ಲ.

ಇದೆಲ್ಲ ಗೊತ್ತಿದ್ದೂ ಅಕ್ಕಡಿ ಕೈಬಿಟ್ಟದ್ದಕ್ಕೆ ಕಾರಣ ಕೂಲಿ. ಕಳೆ ಕೀಳುವ ಕೂಲಿ ಉಳಿಸಲು ಅಗಲ ಎಲೆಯ ಕಳೆ ಸುಡುವ ಟೂ ಫೋರ್ ಡಿ ಕಳೆನಾಶಕ ಹೊಡೆದರೆ ಅವರೆ, ತೊಗರಿ, ಬೆರಕೆ ಸೊಪ್ಪು ಎಲ್ಲವೂ ಸುಡುತ್ತವೆ, ಉಳಿಯುವುದು ಬರೀ ರಾಗಿ. ಕಟಾವು ಮಷೀನಿಗೂ ಬರೀ ರಾಗಿಯೇ ಬೇಕು. ರೈತರನ್ನು ದೂರಿ ಪ್ರಯೋಜನವಿಲ್ಲ. ಹೊಲ ಅಳೆಯುವವರೂ ರಾಗಿ ಎಷ್ಟು ಕ್ವಿಂಟಾಲ್ ಅಂತ ಕೇಳುತ್ತಾರೆಯೇ ಹೊರತು ಅವರೆ ಎಷ್ಟು ಸೇರು ಮನೆಗೆ ಬಂತು ಅಂತ ಕೇಳುವುದಿಲ್ಲ. ಹೊಲದಲ್ಲಿ ಬಗ್ಗಿ ಕಳೆ ಕೀಳುವ ಹೆಂಗಸರ ಕೂಲಿಗೆ ಸರ್ಕಾರದ ಉದ್ಯೋಗ ಖಾತ್ರಿಯಂಥ ಯೋಜನೆಯ ಆಸರೆ ಸಿಕ್ಕರೆ ಎಷ್ಟೋ ಮನೆಯವರು ಅಕ್ಕಡಿಗೆ ಮರಳುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ.

ಕೊಯ್ಲಾದ ಮೇಲೆ ರಾಗಿ ಬಗ್ಗೆ ಚಿಂತೆ ಕಡಿಮೆ, ಒಣಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಮಾರುವವರು ಮನೆಯ ನಾಲ್ಕು ಕ್ವಿಂಟಾಲ್ ಎತ್ತಿಟ್ಟು ಮಿಕ್ಕಿದ್ದನ್ನು ಮಾರಿ. ಹುಳು ಬೀಳುವುದು ಕಾಳಿಗೆ. ಬೀಜದ ತೊಗರಿ, ಅವರೆಯನ್ನು ಕೆಮ್ಮಣ್ಣಿನ ರಾಡಿಯಲ್ಲಿ ಹೊರಳಿಸಿ, ಕಚ್ಚಿದರೆ ಕಟಕ್ಕೆನ್ನುವಷ್ಟು ಬಿಸಿಲಲ್ಲಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬಿಗೆ ತುಂಬಿ. ಹಸಿಯಾಗಿ ತುಂಬಿದರೆ ಬೂಷ್ಟು ಹಿಡಿದು ಮೊಳಕೆ ಬರುವುದಿಲ್ಲ. ಆಗ ನಾಟಿ ಅವರೆ ಬೀಜಕ್ಕೆ ಊರೂರು ಅಲೆಯಬೇಕಾಗುತ್ತದೆ, ಅಂಗಡಿಯಲ್ಲಿ ಅದು ಸಿಗುವುದು ಅಪರೂಪ.