ಆ ಕ್ಯಾಪ್ಸೂಲ್ ಬಸುರಿಯರಿಗೆ ಮಾತ್ರ ಅಂತ ಹೇಳಿದವರು ಯಾರು?

ಮೊನ್ನೆ ಮೆಡಿಕಲ್ ಶಾಪೊಂದರಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಚೀಟಿ ಕೊಟ್ಟರು. ಮುಟ್ಟು ನಿಂತ ಮೇಲಿನ ತೊಂದರೆಗಳಿಗೆ ಬರೆದಿದ್ದ ಎರಡು ಔಷಧಿ: ಮೈಗೆ ಹಚ್ಚುವ ಈಸ್ಟ್ರೋಜನ್ ಜೆಲ್, ರಾತ್ರಿ ನುಂಗುವ ಪ್ರೊಜೆಸ್ಟರಾನ್ ಕ್ಯಾಪ್ಸೂಲ್. ಕೌಂಟರಿನಲ್ಲಿದ್ದ ಹುಡುಗ "ಇದು ಬಸುರಿಯರಿಗೆ ಕೊಡೋದು ಮೇಡಂ, ನಿಮಗ್ಯಾಕೆ?" ಅಂದ. ಅವರಿಗೂ ಅಷ್ಟೇ ಬೇಕಿತ್ತು. "ಹೌದಪ್ಪ, ಅದು ತಗೊಂಡ್ರೆ ಬೆಳಿಗ್ಗೆ ಏಳೋಕೇ ಆಗಲ್ಲ. ಜೆಲ್ ಒಂದೇ ಕೊಡು" ಅಂದರು. ಅವನು ಜೆಲ್ ಒಂದನ್ನೇ ಕವರಿಗೆ ಹಾಕಿದ. ನಾನು ನಡುವೆ ಬಾಯಿ ಹಾಕಿದೆ, ಎರಡೂ ಅವರ ಚೀಲ ಸೇರಿದವು. ಆದರೆ ಸಿಟ್ಟು ಇನ್ನೂ ಇಳಿದಿಲ್ಲ. ನಾನೂ ಇಂಥದೇ ಕೌಂಟರಿನ ಹಿಂದೆ ನಿಲ್ಲುವವಳು ಅಂತ ನಿಮಗೆಲ್ಲ ಗೊತ್ತು. ಸಿಟ್ಟು ನಮ್ಮವರ ಮೇಲೇ.

ಗರ್ಭಕೋಶ ಇರುವ ಹೆಂಗಸು ಮೈಗೆಲ್ಲ ಸೇರುವ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳುವ ಹಾಗಿಲ್ಲ. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ಅದನ್ನು ತಡೆದು ಹದದಲ್ಲಿಡುವುದು ಪ್ರೊಜೆಸ್ಟರಾನ್. ತಡೆಯುವವರಿಲ್ಲದೆ ಬೆಳೆದ ಪದರ ಮುಂದೆ ಕ್ಯಾನ್ಸರ್ ಆಗಬಹುದು. ಇದು ಇವತ್ತು ಗೊತ್ತಾದ ವಿಷಯವೇನಲ್ಲ. ಈಸ್ಟ್ರೋಜನ್ ಮಾತ್ರೆಗೂ ಗರ್ಭಕೋಶದ ಒಳಪದರದ ಕ್ಯಾನ್ಸರಿಗೂ ನಂಟಿದೆ ಎಂಬ ವರದಿಗಳು ಅಮೆರಿಕದಲ್ಲಿ 1975ರಲ್ಲೇ ಬಂದಿದ್ದವು. 1996ರಲ್ಲಿ ಪ್ರಕಟವಾದ ಪೆಪಿ ಎಂಬ ಅಮೆರಿಕದ ಅಧ್ಯಯನದಲ್ಲಿ, ಮೂರು ವರ್ಷ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಹತ್ತಕ್ಕೆ ಆರು ಮಂದಿಯ ಒಳಪದರ ಅತಿಯಾಗಿ ಬೆಳೆದಿತ್ತು. ಜೊತೆಗೆ ಪ್ರೊಜೆಸ್ಟರಾನ್ ಪಡೆದವರ ಒಳಪದರ, ಯಾವ ಹಾರ್ಮೋನನ್ನೂ ತೆಗೆದುಕೊಳ್ಳದವರ ಹಾಗೇ ಇತ್ತು. ಇಷ್ಟೆಲ್ಲ ಗೊತ್ತಿದ್ದೂ ನಾವು ಕೌಂಟರಿನಲ್ಲಿ ನಿಂತು "ಇದು ಬೇಡ ಬಿಡಿ" ಅನ್ನುತ್ತೇವೆ.

ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈ ಕ್ಯಾಪ್ಸೂಲ್ ಬೇಡ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದೇ ಪದರ ಹೊರಗೆ ಬೆಳೆಯುವ ಕಾಯಿಲೆ) ಇದ್ದವರಿಗೆ ಕೆಲವೊಮ್ಮೆ ಬೇಕಾಗುತ್ತದೆ. ಉಳಿದವರಿಗೆಲ್ಲ ಇದೋ ಇದರ ಬದಲಿಯೋ ಬೇಕೇ ಬೇಕು.

ಸರಿ, ಆ ಹೆಂಗಸರ ಕಷ್ಟ ಸುಳ್ಳೇ? ಖಂಡಿತ ಅಲ್ಲ. ಪ್ರೊಜೆಸ್ಟರಾನ್ ನುಂಗಿದಾಗ ಅದರ ಬಹುಪಾಲು ಪಿತ್ತಜನಕಾಂಗದಲ್ಲಿ ಒಡೆಯುತ್ತದೆ. ಆಗ ಹುಟ್ಟುವ ಒಂದು ವಸ್ತು ಮಿದುಳಿನ ಮೇಲೆ ನಿದ್ದೆ ಮಾತ್ರೆಯ ಹಾಗೇ ಕೆಲಸ ಮಾಡುತ್ತದೆ. ಮಂಪರು, ತಲೆಸುತ್ತು ಬರುವುದು ಅದರಿಂದ. ಊಟದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಇನ್ನೂ ಹೆಚ್ಚು. ನಮ್ಮ ಮನೆಗಳಲ್ಲಿ ಒಂಬತ್ತೂವರೆಗೆ ಊಟ, ಕೈ ತೊಳೆದ ಕೂಡಲೇ ಎಲ್ಲ ಮಾತ್ರೆ ಒಟ್ಟಿಗೆ. ಬೆಳಿಗ್ಗೆ ತಲೆ ಭಾರ ಆಗದೆ ಇನ್ನೇನಾಗುತ್ತದೆ? ಊಟ ಎಂಟಕ್ಕೇ ಮುಗಿಸಿ, ಎರಡು ಗಂಟೆ ಬಿಟ್ಟು, ಹಾಸಿಗೆಗೆ ಹೋಗುವಾಗ ನುಂಗಿ ನೋಡಿ. ಮುಟ್ಟು ನಿಂತ ಮೇಲೆ ನಿದ್ದೆಯೇ ಬಾರದ ಎಷ್ಟೋ ಜನಕ್ಕೆ ಈ ಮಂಪರೇ ಉಪಕಾರವಾಗಿದೆ. ಅಷ್ಟಾದರೂ ಬೆಳಿಗ್ಗೆ ಸ್ಕೂಟರ್ ಓಡಿಸಲು ಭಯವಾಗುವಷ್ಟು ಮಂಪರು ಉಳಿದರೆ ಬೇರೆ ದಾರಿಗಳಿವೆ. ಅದೇ ಕ್ಯಾಪ್ಸೂಲನ್ನು ಯೋನಿಯೊಳಗೆ ಇಟ್ಟುಕೊಳ್ಳಲು ಡಾಕ್ಟರು ಹೇಳಬಹುದು, ಪಿತ್ತಜನಕಾಂಗದ ದಾರಿ ತಪ್ಪುವುದರಿಂದ ಮಂಪರು ಬಹಳ ಕಡಿಮೆ. ಪ್ರೊಜೆಸ್ಟರಾನಿನ ಕೆಲಸವನ್ನೇ ಮಾಡುವ ಡೈಡ್ರೊಜೆಸ್ಟರಾನ್ 10 ಮಿಲಿಗ್ರಾಂ ಮಾತ್ರೆಗೆ ಬದಲಿಸಬಹುದು. ಇಲ್ಲವೇ 52 ಮಿಲಿಗ್ರಾಂ ಹಾರ್ಮೋನಿನ ಕಾಯಿಲ್ (ಕಾಪರ್-ಟಿ ಥರದ ಸಾಧನ) ಗರ್ಭಕೋಶದೊಳಗೆ ಹಾಕಿಸಿಕೊಂಡರೆ ಐದು ವರ್ಷ ಒಳಪದರದ ಚಿಂತೆ ಬಹುಮಟ್ಟಿಗೆ ಇಲ್ಲ. ಶೇಂಗಾ ಅಲರ್ಜಿ ಇರುವವರು ಮಾತ್ರ ಮೊದಲೇ ಹೇಳಿ. ಕೆಲವು ಕಂಪನಿಗಳ ಕ್ಯಾಪ್ಸೂಲಿನೊಳಗೆ ಶೇಂಗಾ ಎಣ್ಣೆ ಇರುತ್ತದೆ.

ಇಷ್ಟು ದಾರಿ ಇರುವಾಗ "ಬಿಟ್ಟುಬಿಡಿ" ಅನ್ನುವುದು ಸಲಹೆಯೇ?

ಇನ್ನು ರಕ್ತಸ್ರಾವ. ಔಷಧಿ ಬಿಟ್ಟವರನ್ನು ಕೇಳಿ, "ನಿಂತಿದ್ದ ಮುಟ್ಟು ಮತ್ತೆ ಶುರುವಾಯ್ತು" ಅಂತಲೇ ಹೇಳುತ್ತಾರೆ. ಇಲ್ಲಿ ಎರಡು ಪದ್ಧತಿಗಳಿವೆ. ಮುಟ್ಟು ಇನ್ನೂ ಪೂರ್ತಿ ನಿಲ್ಲದವರಿಗೆ ತಿಂಗಳಲ್ಲಿ 12ರಿಂದ 14 ರಾತ್ರಿ 200 ಮಿಲಿಗ್ರಾಂ ಕೊಡುತ್ತಾರೆ. ಅದು ಮುಗಿಯುತ್ತಿದ್ದಂತೆ ಸ್ರಾವ ಬರುತ್ತದೆ, ಬರಬೇಕಾದದ್ದೇ. ಮುಟ್ಟು ನಿಂತು ವರ್ಷ ದಾಟಿದವರಿಗೆ ದಿನವೂ 100 ಮಿಲಿಗ್ರಾಂ. ಇವರಲ್ಲಿ ಮೊದಲ ಮೂರರಿಂದ ಆರು ತಿಂಗಳು ಆಗಾಗ ಕಲೆ ಕಾಣಿಸಬಹುದು, ಆಮೇಲೆ ನಿಲ್ಲಬೇಕು. ವರ್ಷ ತುಂಬುವ ಮೊದಲೇ ದಿನವೂ ಕೊಡುವ ಪದ್ಧತಿ ಶುರುಮಾಡಿದರೆ ಹೊತ್ತುಗೊತ್ತಿಲ್ಲದ ಸ್ರಾವ ಹೆಚ್ಚು, ಏಕೆಂದರೆ ಅಂಡಾಶಯ ಇನ್ನೂ ಆಗೊಮ್ಮೆ ಈಗೊಮ್ಮೆ ಕೆಲಸ ಮಾಡುತ್ತಿರುತ್ತದೆ. ಕ್ಯಾಪ್ಸೂಲ್ ನಡುನಡುವೆ ಮರೆತರೂ ಹೀಗಾಗುತ್ತದೆ. ಆರು ತಿಂಗಳು ಕಳೆದರೂ ನಿಲ್ಲದಿದ್ದರೆ, ನಿಂತದ್ದು ಮತ್ತೆ ಬಂದರೆ, ಅಥವಾ ಮೊದಲ ತಿಂಗಳುಗಳಲ್ಲೇ ಗಡ್ಡೆಗಡ್ಡೆಯಾಗಿ ಹೋದರೆ ಸ್ಕ್ಯಾನ್ ಮಾಡಿಸಲೇಬೇಕು. ಒಳಪದರ ದಪ್ಪ ಕಂಡರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಡೈರಿ ಬರೆಯಿರಿ ಅಂದರೆ ಯಾರೂ ಬರೆಯುವುದಿಲ್ಲ. ಹಾಲಿನ ಲೆಕ್ಕ ಗುರುತು ಹಾಕುವ ಗೋಡೆ ಕ್ಯಾಲೆಂಡರ್ ಸಾಕು. ಸ್ರಾವ ಆದ ದಿನ ಕೆಂಪು ಚುಕ್ಕೆ, ಕ್ಯಾಪ್ಸೂಲ್ ನುಂಗಿದ ದಿನ ಗೀಟು, ಸ್ತನದ ನೋವಿಗೆ 'ಸ್ತ', ಬೇಸರಕ್ಕೆ 'ಬೇ'. ಮೂರು ತಿಂಗಳ ಹಾಳೆ ಕಿತ್ತುಕೊಂಡು ಹೋಗಿ ಡಾಕ್ಟರ ಮುಂದಿಡಿ. ಹೊಟ್ಟೆ ಉಬ್ಬರ, ಅಳು, ಸಿಡಿಮಿಡಿ ಗೀಟಿರುವ ಆ ಹನ್ನೆರಡು ದಿನಗಳಲ್ಲೇ ಬಂದರೆ ಕಾರಣ ಪ್ರೊಜೆಸ್ಟರಾನ್, ಅದರ ಬಗೆಯನ್ನು ಬದಲಿಸಬೇಕು. ತಿಂಗಳಿಡೀ ಸ್ತನಗಳ ಬಿಗಿತ, ವಾಕರಿಕೆ, ತಲೆನೋವು ಇದ್ದರೆ ಹೆಚ್ಚಾಗಿ ಈಸ್ಟ್ರೋಜನ್ ಪ್ರಮಾಣ ಜಾಸ್ತಿಯಾಗಿದೆ, ಅದನ್ನು ಇಳಿಸಿ ಕೆಲವು ವಾರ ಬಿಟ್ಟು ನಿಧಾನವಾಗಿ ಏರಿಸುತ್ತಾರೆ. ಯಾವುದರಿಂದ ಏನು ಅಂತ ತಿಳಿಯದೆ ಎರಡನ್ನೂ ದೂರಿ ಎರಡನ್ನೂ ಬಿಟ್ಟವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಜೆಲ್ ವಿಷಯಕ್ಕೆ ಬರುತ್ತೇನೆ. 2.5 ಗ್ರಾಂ ಜೆಲ್ಲಿನಲ್ಲಿ 1.5 ಮಿಲಿಗ್ರಾಂ ಈಸ್ಟ್ರಡಯಾಲ್ (ಈಸ್ಟ್ರೋಜನ್ನಿನ ಒಂದು ಬಗೆ) ಇರುತ್ತದೆ, ಎಷ್ಟೋ ಜನಕ್ಕೆ ಅದರ ಅರ್ಧದಿಂದಲೇ ಶುರುಮಾಡುತ್ತಾರೆ. ತೋಳಿಗೋ ತೊಡೆಗೋ ಅಗಲವಾಗಿ ತೆಳ್ಳಗೆ ಸವರಬೇಕು, ಸ್ತನಗಳಿಗೆ ಹಚ್ಚಬಾರದು. ಸ್ನಾನವಾದ ಮೇಲೆ, ಒಣಗಿದ ಚರ್ಮಕ್ಕೆ. ಕೊಬ್ಬರಿ ಎಣ್ಣೆ, ಲೋಷನ್ ಹಚ್ಚಿದ ಜಾಗಕ್ಕೆ ಬೇಡ, ಒಳಗೆ ಇಳಿಯುವ ಪ್ರಮಾಣ ಏರುಪೇರಾಗುತ್ತದೆ. ಐದು ನಿಮಿಷ ಒಣಗಲು ಬಿಟ್ಟು, ಕೈ ಸೋಪಿನಲ್ಲಿ ತೊಳೆದು, ಒಂದು ಗಂಟೆ ಆ ಜಾಗಕ್ಕೆ ನೀರು ತಾಕಿಸಬೇಡಿ. ಅಷ್ಟು ಹೊತ್ತು ಮೊಮ್ಮಗುವನ್ನು ಆ ತೋಳಿನಲ್ಲಿ ಎತ್ತಿಕೊಳ್ಳಲೂ ಬೇಡಿ, ಹಾರ್ಮೋನ್ ಮಗುವಿನ ಚರ್ಮಕ್ಕೂ ಅಂಟುತ್ತದೆ. ಇನ್ನೊಂದು ಮಾತು: ಜೆಲ್ಲಿನಲ್ಲಿ ಆಲ್ಕೋಹಾಲ್ ಇದೆ, ಒಣಗುವ ತನಕ ಬೆಂಕಿ ಹತ್ತಿಕೊಳ್ಳಬಲ್ಲದು. ಸ್ನಾನ ಮಾಡಿ ಜೆಲ್ ಹಚ್ಚಿ ನೇರ ದೇವರ ದೀಪಕ್ಕೋ ಒಲೆ ಮುಂದಕ್ಕೋ ಹೋಗಬೇಡಿ. ಒಂದು ದಿನ ಮರೆತರೆ ಮರುದಿನ ಎರಡರಷ್ಟು ಹಚ್ಚುವುದೂ ಬೇಡ.

ಬಾಯಿಂದ ನುಂಗುವ ಈಸ್ಟ್ರೋಜನ್ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತದೆ. ಸಾಮಾನ್ಯ ಪ್ರಮಾಣದ ಜೆಲ್ಲಿನಿಂದ ಹಾಗಾಗುವುದು ಕಂಡುಬಂದಿಲ್ಲ. ಮೈಗ್ರೇನ್, ದಪ್ಪ ಮೈ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಜಾಸ್ತಿ ಇರುವವರಿಗೆ ಡಾಕ್ಟರು ಜೆಲ್ಲೇ ಬರೆಯುವುದಕ್ಕೆ ಕಾರಣ ಇದೆ. ಥೈರಾಯ್ಡ್ ಮಾತ್ರೆ ತಿನ್ನುವವರು ಈಸ್ಟ್ರೋಜನ್ ಮಾತ್ರೆ ಶುರುಮಾಡಿದ ಎರಡು ಮೂರು ತಿಂಗಳಲ್ಲಿ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡ್ ಮಾತ್ರೆಯ ಪ್ರಮಾಣ ಸಾಲದೇ ಹೋಗಬಹುದು. ಆಗ ಬರುವ ಸುಸ್ತನ್ನು ಹಾರ್ಮೋನಿನ ಅಡ್ಡ ಪರಿಣಾಮ ಅಂದುಕೊಂಡು ಬಿಟ್ಟವರೂ ಇದ್ದಾರೆ.

"ಒಪಿಡಿಯಲ್ಲಿ ನೂರು ಜನ ಕಾಯ್ತಿರ್ತಾರೆ, ಇದನ್ನೆಲ್ಲ ಕೂತು ಹೇಳೋಕೆ ಯಾರಿಗೆ ಪುರುಸೊತ್ತು ಕಣೇ" ಅಂತ ಗೆಳತಿಯೊಬ್ಬಳ ವಾದ. ಎಲ್ಲವನ್ನೂ ಹೇಳುವುದು ಬೇಡ. "ಎರಡೂ ಜೊತೆಗಿರಲಿ, ಒಂದನ್ನೇ ಬಿಡಬೇಡಿ" ಅನ್ನಲು ಎಷ್ಟು ಹೊತ್ತು ಬೇಕು? ಚೀಟಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಯಬಹುದು. ಡಾಕ್ಟರು ಮರೆತರೆ ಕೌಂಟರಿನಲ್ಲಿ ನಾವು ಬರೆಯಬಹುದು.

"ಹಾರ್ಮೋನ್ ಅಂದರೇ ಕ್ಯಾನ್ಸರ್" ಅನ್ನುವವರು ಹಿಡಿದುಕೊಂಡಿರುವುದು 2002ರ ಅಮೆರಿಕದ ಅಧ್ಯಯನವನ್ನು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಕೊಟ್ಟದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್, ಜೊತೆಗೆ ಪ್ರೊಜೆಸ್ಟರಾನ್ ಹಾಗೆ ಕೆಲಸ ಮಾಡುವ ಕೃತಕ ಪ್ರೊಜೆಸ್ಟಿನ್. ಆಗಲೂ ಹೆಚ್ಚುವರಿ ಸ್ತನ ಕ್ಯಾನ್ಸರ್ ಕಂಡದ್ದು ಹತ್ತು ಸಾವಿರ ಹೆಂಗಸರಿಗೆ ವರ್ಷಕ್ಕೆ 8. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ವರ್ಷಗಳು ಕಳೆದಂತೆ ಅದು ಏರುತ್ತದೆ, ಮ್ಯಾಮೋಗ್ರಾಂ (ಸ್ತನದ ಎಕ್ಸ್‌-ರೇ) ತಪ್ಪಿಸಬಾರದು. ಆದರೆ ಕ್ಯಾನ್ಸರಿಗೆ ಹೆದರಿ ಕ್ಯಾಪ್ಸೂಲ್ ಬಿಟ್ಟು ಜೆಲ್ ಮುಂದುವರಿಸಿದರೆ ಇನ್ನೊಂದು ಕ್ಯಾನ್ಸರಿಗೆ ನೀವೇ ಬಾಗಿಲು ತೆರೆದ ಹಾಗಾಗುತ್ತದೆ.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆ ಮಧ್ಯದ ನೋವು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು: ಇವುಗಳಲ್ಲಿ ಯಾವುದೇ ಬಂದರೂ ಕ್ಯಾಲೆಂಡರ್, ಅಪಾಯಿಂಟ್‌ಮೆಂಟ್ ಯಾವುದಕ್ಕೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಇನ್‌ಬಾಕ್ಸಿನಲ್ಲಿ ಡೋಸ್ ಕೇಳಬೇಡಿ. ಬಿಪಿ, ಲಿವರ್, ಹಳೆಯ ಕಾಯಿಲೆ, ಫಿಟ್ಸ್‌ಗೋ ಟಿಬಿಗೋ ತಿನ್ನುತ್ತಿರುವ ಮಾತ್ರೆ ಇವನ್ನೆಲ್ಲ ನೋಡದೆ ಅದನ್ನು ಹೇಳಲು ಬರುವುದಿಲ್ಲ. ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಬೇಕಾದರೆ ಕೇಳಿ, ರಾತ್ರಿ ಎಷ್ಟು ಹೊತ್ತಾದರೂ ಉತ್ತರ ಬರೆಯುತ್ತೇನೆ.